ಮುಗ್ಗಟ್ಟಿನ ಕಾಲದಲ್ಲಿ ಜಾಹೀರಾತಿನ ದರ: ಕೋಟ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಕನ್ನಡ ಪತ್ರಿಕೆಗಳ ಚರಿತ್ರೆಯನ್ನು ಬರೆದವರು ಸಂಪಾದಕರ ತ್ಯಾಗವನ್ನೂ ಲೇಖಕರ ಶೈಲಿಯನ್ನೂ ಸರಕಾರದ ನಿರ್ಬಂಧಗಳನ್ನೂ ಕುರಿತು ಬೇಕಾದಷ್ಟು ಬರೆದಿರುವರು. ಪತ್ರಿಕೆಯ ಕಡೆಯ ರಕ್ಷಾಪತ್ರದಲ್ಲಿ ಚಿಕ್ಕ ಅಕ್ಷರಗಳಿಂದ ಅಚ್ಚಾಗುತ್ತಿದ್ದ ಒಂದು ಪಟ್ಟಿಯ ಕಡೆಗೆ ಮಾತ್ರ ಅವರ ಗಮನ ಅಷ್ಟಾಗಿ ಹೋದಂತೆ ಕಾಣುವುದಿಲ್ಲ. ಪೂರ್ತಿ ಪುಟಕ್ಕೆ ಇಷ್ಟು ರೂಪಾಯಿ, ಅರ್ಧ ಪುಟಕ್ಕೆ ಇಷ್ಟು, ಕಾಲು ಪುಟಕ್ಕೆ ಇಷ್ಟು, ವರ್ಷವಿಡೀ ಕೊಡುವವರಿಗೆ ಇಷ್ಟು ಸೋಡಿ ಎಂದು ಹೇಳುವ ಜಾಹೀರಾತಿನ ದರದ ಪಟ್ಟಿಯದು. ಗ್ರಂಥಾಲಯಗಳಲ್ಲಿ ವರ್ಷದ ಸಂಚಿಕೆಗಳನ್ನು ಒಟ್ಟುಗೂಡಿಸಿ ರಟ್ಟು ಕಟ್ಟಿಸುವಾಗ ರಕ್ಷಾಪತ್ರಗಳನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತು ಬಿಸುಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಇದರಿಂದ ಪತ್ರಿಕೆಯ ಜೀವನೋಪಾಯವೇನಾಗಿತ್ತೆಂಬುದಕ್ಕೆ ಇದ್ದ ಸಾಕ್ಷ್ಯವು ಪತ್ರಿಕೆಯನ್ನು ಉಳಿಸಬೇಕೆಂದವರ ಕೈಯಿಂದಲೇ ನಾಶವಾಗಿರುವುದು.

ಈಚಿನ ಕಾಲು ಶತಮಾನದಲ್ಲಿ ಜಾಹೀರಾತು ಕಾಗದದಿಂದ ಅಂತರ್ಜಾಲಕ್ಕೆ ನಡೆದಿದೆ. ಅಲ್ಲಿ ದರದ ಪಟ್ಟಿಯೇ ಇಲ್ಲ. ದರವು ಗಳಿಗೆ ಗಳಿಗೆಗೂ ಹುಟ್ಟಿ ಗಳಿಗೆ ಗಳಿಗೆಗೂ ಸಾಯುವುದು. ಲೋಕದಲ್ಲಿ ವ್ಯಾಪಾರ ಕುಗ್ಗಿದಾಗ ಈ ದರ ಏನಾಯಿತು, ಅದನ್ನು ನಂಬಿದ ದೇಶಭಾಷೆಯ ಬರೆಹಗಾರನ ಗತಿ ಏನಾಯಿತು ಎಂಬುದನ್ನು 2008-09 ಮತ್ತು 2020ರ ಎರಡು ಮುಗ್ಗಟ್ಟುಗಳ ಆಧಾರದಿಂದ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಹೋಲಿಕೆಗೆ 1930ರ ಸುಮಾರಿನ ಮಹಾಮುಗ್ಗಟ್ಟನ್ನು ತೆಗೆದುಕೊಂಡಿದೆ. ಸ್ಥಳವಾಗಿ ಕೋಟವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಇಂದು ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲೂಕಿಗೆ ಸೇರಿರುವ ಈ ಸೀಮೆ ಹಿಂದೆ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಗದ್ದೆ, ಕಡಲು, ಯಕ್ಷಗಾನ, ದೂರದ ಊರುಗಳ ಹೋಟೆಲು ಎಂಬ ನಾಲ್ಕು ಕಂಬಗಳ ಮೇಲೆ ಇದರ ಬಾಳು ನಿಂತುಬಂದಿದೆ. ಕನ್ನಡದಲ್ಲಿ ಪತ್ರಿಕೆ ನಡೆಸುವುದರ ಕಷ್ಟವನ್ನು ಚಿಕ್ಕ ವಯಸ್ಸಿನಲ್ಲಿಯೇ ಉಂಡ ಒಬ್ಬ ಮಹನೀಯರು ಹುಟ್ಟಿದ್ದೂ ಇಲ್ಲಿಯೇ.

ಶಿವರಾಮ ಕಾರಂತರು ಕೋಟದಲ್ಲಿ ಜನಿಸಿದ್ದು 1902ರ ಅಕ್ಟೋಬರ್ 10ರಂದು. ಕಾಲೇಜನ್ನು ಬಿಟ್ಟು ಅಸಹಕಾರ ಚಳವಳಿಗೆ ಇಳಿದ ಅವರು 1920ರ ದಶಕದಲ್ಲಿ ಕುಂದಾಪುರದಿಂದ ‘ವಸಂತ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅವರ ಆರಂಭದ ಕಥನಗಳಲ್ಲಿ ಕೆಲವು ಅದರಲ್ಲಿಯೇ ಬೆಳಕು ಕಂಡವು. ಪತ್ರಿಕೆ ಕೆಲವು ವರ್ಷ ನಡೆದು ನಿಂತಿತು. 1948ರಲ್ಲಿ ಹೊರಬಂದ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂಬ ಆತ್ಮಕಥೆಯಲ್ಲಿ ಕಾರಂತರು ಆ ದಿನಗಳನ್ನು ನೆನೆದಿರುವುದನ್ನು ವಾಚಕರು ಬಲ್ಲರು. ‘ವಸಂತ’ವು ಮಹಾಮುಗ್ಗಟ್ಟಿಗೆ ಬಲಿಯಾಯಿತೆಂದು ನಾನು ಹೇಳುತ್ತಿಲ್ಲ. ಕುಂದಾಪುರದಂತಹ ಪೇಟೆಯಲ್ಲಿ ಅಂತಹ ಪತ್ರಿಕೆಗೆ ಜಾಹೀರಾತು ಎಲ್ಲಿಂದ ಬರಬೇಕಾಗಿತ್ತೆಂಬುದೇ ನನ್ನ ಪ್ರಶ್ನೆ.

ಪೇಟೆಯ ಅಂಗಡಿಯವನಿಗೆ ಜಾಹೀರಾತು ಬೇಕಾಗಿರಲಿಲ್ಲ. ಅವನ ಅಂಗಡಿ ಎಲ್ಲಿದೆ, ಅವನಲ್ಲಿ ಸಾಲ ಸಿಕ್ಕುವುದೋ ಇಲ್ಲವೋ ಎಂಬುದು ಸುತ್ತಣ ಹತ್ತು ಗ್ರಾಮಗಳಿಗೆ ತಿಳಿದಿದ್ದಿತು. ಆ ಜಿಲ್ಲೆಯ ಬ್ಯಾಂಕುಗಳೂ ತಮ್ಮದೇ ದಾರಿ ಹಿಡಿದವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದುದು, 1928ರಲ್ಲಿ ಪಿಗ್ಮಿ ಠೇವಣಿಯ ಯೋಜನೆಯನ್ನು ತಂದಿತು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಹಣ ಕೂಡಿಸಿಕೊಳ್ಳುವ ಏಜಂಟನು ನಿತ್ಯವೂ ನಡೆದುಬರುವ ಜಾಹೀರಾತೇ ಆಗಿದ್ದನು. ಅಂತಹ ಸಂಸ್ಥೆಗೆ ಮಾಸಪತ್ರಿಕೆಯ ಕಾಲು ಪುಟದಿಂದ ಆಗಬೇಕಾದುದೇನು? ಆದುದರಿಂದ ಜಾಹೀರಾತು ಬರಬೇಕಾದರೆ ಹೊರಗಿನಿಂದಲೇ ಬರಬೇಕು. ಔಷಧ, ಸಾಬೂನು, ಕೇಶತೈಲ, ಪುಸ್ತಕ ಮುಂತಾದುವನ್ನು ಅಂಚೆಯ ಮೂಲಕ ಮಾರುವ ಮದ್ರಾಸಿನ ಮತ್ತು ಮುಂಬಯಿಯ ವ್ಯಾಪಾರಿಗಳಿಂದ ಬರಬೇಕು.

ನೆರೆಯ ಭಾಷೆಗಳಲ್ಲಿ ಇದು ಹೇಗೆ ನಡೆಯಿತೆಂಬುದನ್ನು ನೋಡಿದರೆ ನಮ್ಮ ಕೊರತೆ ಸ್ಪಷ್ಟವಾಗುವುದು. ಅಮೃತಾಂಜನವನ್ನು 1893ರಲ್ಲಿ ಮುಂಬಯಿಯಲ್ಲಿ ತಯಾರಿಸತೊಡಗಿದ ಕಾಶೀನಾಥುನಿ ನಾಗೇಶ್ವರ ರಾಯರು 1908ರಲ್ಲಿ ‘ಆಂಧ್ರ ಪತ್ರಿಕೆ’ಯನ್ನು ಹೊರಡಿಸಿದರು. ಸ್ತ್ರೀಯರ ಔಷಧವನ್ನು ಮಾರಿ ಹೆಸರಾದ ಡಾಕ್ಟರ್ ಕೇಸರಿಯವರು 1928ರಲ್ಲಿ ಮದ್ರಾಸಿನಿಂದ ‘ಗೃಹಲಕ್ಷ್ಮಿ’ಯನ್ನು ತೆಲುಗಿನಲ್ಲಿ ತಂದರು. ಅದೇ ವರ್ಷ, ಜಾಹೀರಾತಿನ ದಲ್ಲಾಳಿಯಾಗಿದ್ದ ಎಸ್. ಎಸ್. ವಾಸನ್ ‘ಆನಂದ ವಿಕಟನ್’ ಎಂಬ ತಮಿಳು ಪತ್ರಿಕೆಯನ್ನು ಕೊಂಡುಕೊಂಡರು. ಬಹುಮಾನದ ಪದಬಂಧಗಳಿಂದ 1930ರ ದಶಕದಲ್ಲಿಯೇ ಅದರ ಪ್ರಸಾರವನ್ನು ಏರಿಸಿದರು. ಲೋಕವೆಲ್ಲ ಮುಗ್ಗಟ್ಟಿನಲ್ಲಿರುವಾಗ ಈ ಪತ್ರಿಕೆಗಳು ಬದುಕಿದುದು ಹೇಗೆ? ಔಷಧದ ಯಜಮಾನನೂ ಪತ್ರಿಕೆಯ ಯಜಮಾನನೂ ಒಬ್ಬನೇ ಆಗಿದ್ದಲ್ಲಿ ದರ ಎಷ್ಟು ಇಳಿದರೂ ಹಣ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುವುದೇ ಹೊರತು ಮನೆ ಬಿಟ್ಟು ಹೊರಗೆ ಹೋಗದು. ಅದಲ್ಲದೆ ತಮಿಳರಿಗೂ ತೆಲುಗರಿಗೂ ಮದ್ರಾಸೊಂದು ಪೇಟೆಯಾಗಿದ್ದಿತು. ಕನ್ನಡಿಗರಾದರೋ ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದರು. ಕುಂದಾಪುರದ ಪತ್ರಿಕೆಗೆ ಧಾರವಾಡದಲ್ಲಿ ಓದುಗರಿದ್ದರೂ, ಮದ್ರಾಸಿನ ವ್ಯಾಪಾರಿಯ ಲೆಕ್ಕದಲ್ಲಿ ಅವರು ಬೇರೊಂದು ಪ್ರಾಂತದವರು, ಬೇರೊಬ್ಬ ಏಜಂಟನ ಪಾಲಿನವರು. ನಾಡು ಒಡೆದುದರಿಂದ ಕನ್ನಡಿಗನ ಓದು ಅಗ್ಗವಾಯಿತೆಂಬುದು ನನ್ನ ಊಹೆ. ಏಕೀಕರಣದ ಚರಿತ್ರೆಯಲ್ಲಿ ಈ ಬಾಬತ್ತಿಗೂ ಒಂದು ಪುಟ ಸಲ್ಲಬೇಕು.

ಆಗಿನ ಮುಗ್ಗಟ್ಟಿನ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬಹುದು. 1929ರಿಂದ 1933ರೊಳಗೆ ಮದ್ರಾಸು ಪ್ರಾಂತದಲ್ಲಿ ಬತ್ತದ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಸರಕಾರದ ತೀರ್ವೆ ರೊಕ್ಕದಲ್ಲಿ ಗೊತ್ತಾಗಿದ್ದುದರಿಂದ ಒಂದು ಮುಡಿ ಅಕ್ಕಿ ಮಾರಿ ಸಲ್ಲಿಸುತ್ತಿದ್ದ ತೀರ್ವೆಗೆ ಎರಡು ಮುಡಿ ಮಾರಬೇಕಾಯಿತು. ಓದುಬರೆಹ ಕಲಿತವರು ಪಟ್ಟಣಗಳಲ್ಲಿ ಕೆಲಸವಿಲ್ಲದೆ ಅಲೆದರು. ಕೋಟದ ನೆರೆಯ ಕಡಲತಡಿಯನ್ನು ರಂಗಭೂಮಿಯನ್ನಾಗಿ ಮಾಡಿಕೊಂಡ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಮೂರನೆಯ ತಲೆಯ ರಾಮನು ಮುಂಬಯಿಯಲ್ಲಿ ಉದ್ಯೋಗಕ್ಕಾಗಿ ಅಲೆದು ಕಡೆಗೆ ಊರಿನ ಮಣ್ಣಿಗೆ ಬರುವುದು ಈ ಕಾಲದ ನೆರಳಿನಲ್ಲಿಯೇ. ಇಂತಹ ದಿನಗಳಲ್ಲಿ ಚಂದಾದಾರನು ಮೊದಲು ಬಿಡುವುದು ಮಾಸಪತ್ರಿಕೆಯನ್ನು. ವ್ಯಾಪಾರಿಯು ಮೊದಲು ಕಡಿಯುವುದು ಜಾಹೀರಾತನ್ನು. ಅಮೆರಿಕೆಯಲ್ಲಿ 1929ರಿಂದ 1933ರವರೆಗೆ ವೃತ್ತಪತ್ರಿಕೆಗಳ ಜಾಹೀರಾತಿನ ವರಮಾನ ನೂರಕ್ಕೆ 40ಕ್ಕೂ ಮೀರಿ ಕುಗ್ಗಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಅಚ್ಚಿನ ಪತ್ರಿಕೆಯಲ್ಲಿ ಮುಗ್ಗಟ್ಟು ಬಂದಾಗ ರಕ್ಷಾಪತ್ರದ ಮೇಲಣ ದರ ಬೇಗ ಇಳಿಯದು. ಸಂಪಾದಕನು ಅದನ್ನು ಮಾನದ ಪ್ರಶ್ನೆಯೆಂದು ಹಾಗೆಯೇ ಉಳಿಸಿಕೊಳ್ಳುವನು. ಇಳಿಯುವುದು ಒಳಗಿನ ಸೋಡಿ, ಸಾಲದ ಗಡುವು, ವಸೂಲಿ. ಅರ್ಧ ಪುಟದ ಹಣ ಕೊಟ್ಟವನಿಗೆ ಪೂರ್ತಿ ಪುಟ, ಆರು ತಿಂಗಳು ಬಾಕಿ ಇಟ್ಟವನಿಗೆ ಮತ್ತೆ ಆರು ತಿಂಗಳು ಜಾಗ. ಇದರ ಹಿಂದೆ ಇಬ್ಬರು ಮನುಷ್ಯರು ಎದುರುಬದುರು ಕುಳಿತು ಮಾತನಾಡುವ ವ್ಯವಹಾರವಿತ್ತು. ದಾಕ್ಷಿಣ್ಯಕ್ಕೆ ಅಲ್ಲಿ ಎಡೆಯಿತ್ತು. ಈಗಲೂ ನಮ್ಮ ಕಡೆಯ ಯಕ್ಷಗಾನ ಸಂಘಗಳ, ದೇವಸ್ಥಾನಗಳ, ಶಾಲೆಗಳ ಸ್ಮರಣ ಸಂಚಿಕೆಗಳನ್ನು ತೆರೆದರೆ ಬೆಂಗಳೂರಿನ ಯಾವುದೋ ಹೋಟೆಲಿನ ‘ಶುಭ ಹಾರೈಕೆ’ಯೆಂಬ ಪೂರ್ತಿ ಪುಟ ಕಾಣಸಿಗುವುದು. ಆ ಪುಟದಿಂದ ಒಂದು ದೋಸೆಯಾದರೂ ಹೆಚ್ಚು ಮಾರಾಟವಾಗುವುದೆಂದು ಕೊಟ್ಟವರೂ ಪಡೆದವರೂ ನಂಬಿರುವುದಿಲ್ಲ. ಕೋಟದ ಬಳಿಯ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹೋಟೆಲು ಎಂ.ಟಿ.ಆರ್. ಎಂದು ಲೋಕಪ್ರಸಿದ್ಧವಾಯಿತು. ಅಂತಹ ನೂರಾರು ಮನೆತನಗಳು ಊರಿನ ಋಣವೆಂದು ಕೊಡುವ ಹಣಕ್ಕೆ ಜಾಹೀರಾತು ಎಂಬುದು ಒಂದು ಹೆಸರು ಮಾತ್ರ. ಅದರ ದರವನ್ನು ಕಟ್ಟುವುದು ಸಂಬಂಧ. ಆದುದರಿಂದ ಪೇಟೆ ಬಿದ್ದಾಗಲೂ ಅದು ಒಮ್ಮೆಗೇ ಬೀಳದು.

ಅಂತರ್ಜಾಲದ ಜಾಹೀರಾತಿನಲ್ಲಿ ಈ ಸಂಬಂಧವೇ ಇಲ್ಲ. ಗೂಗಲ್ ಸಂಸ್ಥೆಯ ಆಡ್‌ಸೆನ್ಸ್ ಎಂಬ ಏರ್ಪಾಡು 2003ರ ಜೂನ್ ತಿಂಗಳಲ್ಲಿ ಬಂದಿತು. ಜಾಲತಾಣದವನು ತನ್ನ ಪುಟದಲ್ಲಿ ಇಷ್ಟು ಜಾಗವನ್ನು ಬಿಟ್ಟುಕೊಡುವನು. ಯಂತ್ರವು ಆ ಪುಟದ ಮಾತುಗಳನ್ನು ಓದಿ, ಅದಕ್ಕೆ ಹೊಂದುವ ಜಾಹೀರಾತನ್ನು ಕೊಳ್ಳುವವರ ನಡುವೆ ಕಣ್ಣೆವೆಯಿಕ್ಕುವಷ್ಟರಲ್ಲಿ ಏಲಂ ನಡೆಸಿ, ಗೆದ್ದವನದನ್ನು ಅಲ್ಲಿ ತೋರಿಸುವುದು. ಓದುಗನು ಅದರ ಮೇಲೆ ಒತ್ತಿದರೆ, ಎಂದರೆ ಕ್ಲಿಕ್ ಮಾಡಿದರೆ, ಗೆದ್ದವನು ಹಣ ಸಲ್ಲಿಸಬೇಕು. ಅದರಲ್ಲಿ ಜಾಲತಾಣದವನ ಪಾಲು ನೂರಕ್ಕೆ 68 ಎಂಬುದನ್ನು ಸಂಸ್ಥೆಯು ಬಹಿರಂಗಪಡಿಸಿದುದು 2010ರ ಮೇ ತಿಂಗಳಲ್ಲಿ. ಅದಕ್ಕೆ ಮೊದಲಿನ ಏಳು ವರ್ಷ ತನಗೆ ಬರುವುದು ಎಷ್ಟರಲ್ಲಿ ಎಷ್ಟು ಎಂಬುದೇ ತಿಳಿಯದೆ ಲಕ್ಷಾಂತರ ಮಂದಿ ವ್ಯವಹಾರ ನಡೆಸಿದರು! ಒತ್ತಿಗೆ ಹಣವೆಂಬ ಈ ಕ್ರಮವನ್ನು ಬಿಟ್ಟು, ಜಾಹೀರಾತು ಕಾಣಿಸಿಕೊಂಡುದಕ್ಕೇ ಹಣವೆಂಬ ಕ್ರಮಕ್ಕೆ ಬರುವುದಾಗಿ ಸಂಸ್ಥೆಯು ಪ್ರಕಟಿಸಿದುದು 2023ರ ನವೆಂಬರಿನಲ್ಲಿ.

ಏಲಮ್ಮಿನ ರೀತಿ ನಮ್ಮ ಕಡಲ ಕರೆಯವರಿಗೆ ಹೊಸದಲ್ಲ. ಗಂಗೊಳ್ಳಿಯಲ್ಲಿಯೋ ಮಲ್ಪೆಯಲ್ಲಿಯೋ ಬಂಗಡೆಯ ರಾಶಿ ಬಂದು ಬಿದ್ದ ದಿನ ದರ ಕುಸಿಯುವುದು. ಕೊಳ್ಳುವ ಲಾರಿಗಳು ಬಾರದ ದಿನವೂ ಕುಸಿಯುವುದು. ಎರಡೂ ಒಂದೇ ದಿನ ಕೂಡಿಬಂದರೆ ಮೀನು ಗೊಬ್ಬರಕ್ಕೆ ಹೋಗುವುದು. ಅಂತರ್ಜಾಲದ ಜಾಹೀರಾತಿಗೆ ಮುಗ್ಗಟ್ಟಿನ ಕಾಲವೆಂದರೆ ಹೀಗೆ ಎರಡೂ ಕೂಡಿಬರುವ ಕಾಲ. ಕೆಲಸ ಕಳೆದುಕೊಂಡವರೂ ಮನೆಯಲ್ಲಿ ಕುಳಿತವರೂ ಹೆಚ್ಚು ಹೊತ್ತು ಓದುವರು, ಹೆಚ್ಚು ಹೊತ್ತು ನೋಡುವರು. ಆದುದರಿಂದ ಮಾರಾಟಕ್ಕಿರುವ ಜಾಗ ಹೆಚ್ಚುವುದು. ಕೊಳ್ಳುವವರು ಹಿಂಜರಿಯುವರು, ಆದುದರಿಂದ ಏಲಂ ಕೂಗುವ ಬಾಯಿಗಳು ಕಡಿಮೆಯಾಗುವುವು.

2008ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿದುದರ ಪರಿಣಾಮವನ್ನು ಈ ಏಲಮ್ಮಿನ ಲೆಕ್ಕದಲ್ಲಿ ಕಾಣಬಹುದು. 2009ರ ಮೊದಲ ಮೂರು ತಿಂಗಳಿಗೆ ಗೂಗಲ್ ಸಂಸ್ಥೆಯು ಪ್ರಕಟಿಸಿದ ವರದಿಯಂತೆ, ಹಿಂದಿನ ವರ್ಷದ ಅದೇ ಅವಧಿಗಿಂತ ಹಣ ತಂದ ಒತ್ತುಗಳ ಸಂಖ್ಯೆ ಸುಮಾರು ನೂರಕ್ಕೆ 17ರಷ್ಟು ಏರಿತು. ಒಂದು ಒತ್ತಿಗೆ ಸಿಕ್ಕುವ ಸರಾಸರಿ ದರ ಸುಮಾರು ನೂರಕ್ಕೆ 13ರಷ್ಟು ಇಳಿಯಿತು. ನೂರು ಒತ್ತುಗಳು 117 ಆದುವು, ನೂರು ಕಾಸಿನ ದರ 87 ಆಯಿತು. ಗುಣಿಸಿದರೆ ನೂರಕ್ಕೆ ನೂರೊಂದು ಮುಕ್ಕಾಲರಷ್ಟು ಬರುವುದು. ಎಂದರೆ ಏಲಂ ನಡೆಸುವ ಸಂಸ್ಥೆಗೆ ಹೆಚ್ಚಿನ ನಷ್ಟವಿಲ್ಲ. ಲೋಕದ ಎಲ್ಲ ಜಾಲತಾಣಗಳ ಒತ್ತುಗಳೂ ಅದರ ರಾಶಿಗೇ ಬಂದು ಬೀಳುವುವಾದ ಕಾರಣ ಒಂದರ ಇಳಿತವನ್ನು ಇನ್ನೊಂದರ ಏರಿಕೆ ತುಂಬಿಕೊಡುವುದು. ತನ್ನ ಓದುಗರ ಸಂಖ್ಯೆ ಇದ್ದಷ್ಟೇ ಇರುವ ಒಬ್ಬ ಚಿಕ್ಕ ಬರೆಹಗಾರನಿಗೆ ಮಾತ್ರ ನೂರು ಹೋಗಿ ಎಂಬತ್ತೇಳು ಬಂದಿತು. ಸರಾಸರಿಯ ಲೆಕ್ಕಗಳನ್ನು ನೋಡಿ ಅಂತರ್ಜಾಲದ ಜಾಹೀರಾತು ಮುಗ್ಗಟ್ಟನ್ನು ಸುಖವಾಗಿ ದಾಟಿತೆಂದು ಬರೆದವರು ಈ ವ್ಯತ್ಯಾಸವನ್ನು ಗಮನಿಸಿದಂತಿಲ್ಲ.

ಅಚ್ಚಿಗೆ ಹೋಲಿಸಿದರೆ ದಾಟಿತೆಂಬ ಮಾತು ಸುಳ್ಳಲ್ಲ. ಅಮೆರಿಕೆಯಲ್ಲಿ ಅಂತರ್ಜಾಲದ ಜಾಹೀರಾತಿನ ಒಟ್ಟು ವರಮಾನ 2008ರಲ್ಲಿ 2,340 ಕೋಟಿ ಡಾಲರು. 2009ರಲ್ಲಿ 2,270 ಕೋಟಿ. ಅಲ್ಲಿಯ ವೃತ್ತಪತ್ರಿಕೆಗಳ ಜಾಹೀರಾತಿನ ವರಮಾನವು ಅದೇ ಒಂದು ವರ್ಷದಲ್ಲಿ ಸುಮಾರು 3,780 ಕೋಟಿಯಿಂದ 2,760 ಕೋಟಿಗೆ ಬಿದ್ದಿತು. ಇದಕ್ಕೆ ಮೊದಲು, 2000ದಲ್ಲಿ ಅಂತರ್ಜಾಲದ ಕಂಪೆನಿಗಳ ಗುಳ್ಳೆ ಒಡೆದಾಗ, ಆಗಿನ 810 ಕೋಟಿಯ ವರಮಾನ ಎರಡು ವರ್ಷಗಳಲ್ಲಿ 600 ಕೋಟಿಗೆ ಇಳಿದಿತ್ತು. ಆ ಮೊದಲ ಪೆಟ್ಟಿನಲ್ಲಿ ಬಿದ್ದುದು ಹೊಸ ಉದ್ಯಮದ ಹುಮ್ಮಸ್ಸು. ಎರಡನೆಯದರಲ್ಲಿ ಬಿದ್ದುದು ದರ.

ಇನ್ನು ನಮ್ಮ ದೇಶದ ಜಾಲತಾಣದವನ ವಿಚಾರ. ಇಲ್ಲಿ ಒಂದು ವಿಚಿತ್ರ ಕಾಣುವುದು. ದರವೂ ಪಾವತಿಯೂ ಡಾಲರಿನಲ್ಲಿ. 2008ರ ಜನವರಿಯಲ್ಲಿ ಒಂದು ಡಾಲರಿಗೆ ಸುಮಾರು 39 ರೂಪಾಯಿ. 2009ರ ಮಾರ್ಚಿನಲ್ಲಿ ಸುಮಾರು 51 ರೂಪಾಯಿ. ಮೊದಲು ನೂರು ಡಾಲರು ಗಳಿಸುತ್ತಿದ್ದವನಿಗೆ 3,900 ರೂಪಾಯಿ ಬರುತ್ತಿದ್ದರೆ, ಮುಗ್ಗಟ್ಟಿನಲ್ಲಿ 87 ಡಾಲರು ಗಳಿಸಿದವನಿಗೆ 4,437 ರೂಪಾಯಿ! ಮುಗ್ಗಟ್ಟು ಇವನ ಗಳಿಕೆಯನ್ನು ಹೆಚ್ಚಿಸಿತೆಂದು ಹೇಳಿ ಮುಗಿಸಬಹುದೇ? ಕೂಡದು. ಭಾರತದ ಜಾಹೀರಾತುದಾರನು ರೂಪಾಯಿಯಲ್ಲಿ ಕೂಗಿದ ಏಲಂ ಡಾಲರಿಗೆ ತಿರುಗುವಾಗ ತಾನಾಗಿಯೇ ಚಿಕ್ಕದಾಗುವುದು. ಮೇಲೆ ಹೇಳಿದ ನೂರಕ್ಕೆ 13ರ ಇಳಿತದಲ್ಲಿ ಹೀಗೆ ಡಾಲರು ಬಲಿತುದರ ಪಾಲೂ ಸೇರಿದೆ. ಅಮೆರಿಕೆಯ ಓದುಗರಿದ್ದ ಇಂಗ್ಲಿಷ್ ತಾಣಕ್ಕೆ ರೂಪಾಯಿಯ ಇಳಿತ ಕೊಡೆಯಂತಾಗಿರಬಹುದು. ಊರಿನ ಓದುಗರನ್ನೇ ನಂಬಿದವನಿಗೆ ಆ ಕೊಡೆಯ ನೆರಳು ಸಿಕ್ಕಿರಲಾರದು.

ಕನ್ನಡದ ತಾಣಗಳಿಗಂತೂ ಅಂದು ಈ ಚರ್ಚೆಯೇ ಸಲ್ಲುವುದಿಲ್ಲ. ಆಡ್‌ಸೆನ್ಸ್ ಒಪ್ಪಿದ ಭಾಷೆಗಳ ಪಟ್ಟಿಯಲ್ಲಿ ಕನ್ನಡವು ಆಗ ಇರಲಿಲ್ಲ. ಹಿಂದಿಯೇ ಅದರೊಳಗೆ ಸೇರಿದ್ದು 2014ರಲ್ಲಿ. ಬಂಗಾಳಿ 2017ರಲ್ಲಿ, ತಮಿಳು 2018ರಲ್ಲಿ. ಕನ್ನಡದ ಸರದಿ ಬಂದುದು ಇವುಗಳ ತರುವಾಯ. ಇದಕ್ಕೆ ಒಂದು ತಾಂತ್ರಿಕ ಹಿನ್ನೆಲೆಯೂ ಉಂಟು. ಕನ್ನಡ ಲಿಪಿಗೆ ಯುನಿಕೋಡಿನಲ್ಲಿ ಸ್ಥಾನ 1991ರಲ್ಲಿಯೇ ದೊರೆತಿದ್ದರೂ ನಮ್ಮ ಅನೇಕ ತಾಣಗಳು ಬಹುಕಾಲ ತಮ್ಮ ತಮ್ಮ ಅಕ್ಷರವಿನ್ಯಾಸದ ಸಂಕೇತಗಳಲ್ಲಿಯೇ ಬರೆದವು. ಕಣ್ಣಿಗೆ ಅದು ಕನ್ನಡ. ಪುಟವನ್ನೋದಿ ಜಾಹೀರಾತನ್ನು ಹೊಂದಿಸುವ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಓದಲಾರದ ಪುಟಕ್ಕೆ ಯಂತ್ರವು ಬೆಲೆ ಕಟ್ಟುವುದೆಂತು? 1996ರಲ್ಲಿ ಡಾಕ್ಟರ್ ಯು. ಬಿ. ಪವನಜರು ಆರಂಭಿಸಿದ ‘ವಿಶ್ವ ಕನ್ನಡ’, 2005ರ ‘ಸಂಪದ’, ಅನಂತರದ ‘ಅವಧಿ’, ‘ಕೆಂಡಸಂಪಿಗೆ’ ಮೊದಲಾದುವು ಕಟ್ಟಿದ ಓದುಗ ಸಮುದಾಯಕ್ಕೆ ಏಲಮ್ಮಿನ ಕಟ್ಟೆಯಲ್ಲಿ ಬೆಲೆಯೇ ಇರಲಿಲ್ಲ. ಹೀಗಿರಲು 2008-09ರಲ್ಲಿ ಕನ್ನಡದ ಅಂತರ್ಜಾಲದ ಬರೆಹ ಆಡ್‌ಸೆನ್ಸಿನ ದರದ ಇಳಿತದಿಂದ ಬಾಡಲಿಲ್ಲವೆಂಬುದರಲ್ಲಿ ಹೆಮ್ಮೆ ಪಡತಕ್ಕದ್ದು ವಿಶೇಷವಿಲ್ಲ. ಇಲ್ಲದ ವರಮಾನ ಇಳಿಯುವುದು ಸಾಧ್ಯವಿರಲಿಲ್ಲ. ತಮಿಳು ಮುಂದೆ, ಕನ್ನಡ ಹಿಂದೆ ಎಂಬ 1930ರ ಕ್ರಮವೇ ಎಂಬತ್ತು ವರ್ಷಗಳ ಮೇಲೆ, ಪ್ರಾಂತಗಳ ಗಡಿಗಳೆಲ್ಲ ಅಳಿದ ಮೇಲೆಯೂ, ಬೇರೊಂದು ಪಟ್ಟಿಯಲ್ಲಿ ಮತ್ತೆ ಕಾಣಿಸಿಕೊಂಡುದು ಮಾತ್ರ ಯೋಚಿಸತಕ್ಕ ವಿಷಯ.

ಅಚ್ಚಿನ ಪತ್ರಿಕೆಗಳಿಗೆ ಆಗ ಸರಕಾರದ ಕೈ ಒದಗಿತು. 2009ರ ಫೆಬ್ರವರಿಯಲ್ಲಿ ಭಾರತ ಸರಕಾರವು ತನ್ನ ಜಾಹೀರಾತುಗಳ ದರವನ್ನು ನೂರಕ್ಕೆ 10ರಷ್ಟು ಏರಿಸಿ, ನೂರಕ್ಕೆ 15ರ ದಲ್ಲಾಳಿ ಕಳೆತವನ್ನು ಬಿಟ್ಟುಕೊಟ್ಟಿತು. ಖಾಸಗಿ ಜಾಹೀರಾತಿನ ವರಮಾನ ಕುಗ್ಗಿದುದಕ್ಕೆ ಪತ್ರಿಕೆಯು ದಾಖಲೆ ತೋರಿಸಬೇಕೆಂಬುದು ಅದರ ನಿಬಂಧನೆ. ಮುಗ್ಗಟ್ಟಿನಲ್ಲಿ ದರವನ್ನು ಏರಿಸುವ ಶಕ್ತಿ ಇರುವುದು ಏಲಮ್ಮಿಗೆ ಹೊರಗಿರುವವನಿಗೆ ಮಾತ್ರವೆಂಬುದಕ್ಕೆ ಇದೊಂದು ನಿದರ್ಶನ. ಈ ಪರಿಹಾರವು ಅಚ್ಚಿನ ಪತ್ರಿಕೆಗಳಿಗಾಗಿಯೇ ಏರ್ಪಟ್ಟುದಾದ ಕಾರಣ ಜಾಲತಾಣದವರಿಗೆ ಅದರಲ್ಲಿ ಪಾಲಿರಲಿಲ್ಲ.

2020ಕ್ಕೆ ಬರುವಾಗ ಚಿತ್ರ ಬದಲಾಗಿತ್ತು. ಕೋಟ ಸೀಮೆಯ ಮಟ್ಟಿಗೆ ಇದು ಯಕ್ಷಗಾನದ ಕಥೆಯೇ ಆಗುವುದರಿಂದ ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ.

ನಮ್ಮ ಮೇಳಗಳಲ್ಲಿ ಎರಡು ಬಗೆ. ಮಂದಾರ್ತಿ, ಮಾರಣಕಟ್ಟೆ ಮತ್ತು ಕೋಟದ ಅಮೃತೇಶ್ವರಿಯಂತಹ ದೇವಸ್ಥಾನಗಳ ಮೇಳಗಳು ಹರಕೆಯ ಆಟಗಳನ್ನು ಬಯಲಿನಲ್ಲಿ ಆಡುವುವು. ಆಟ ಆಡಿಸುವವನು ಹರಕೆ ಹೊತ್ತ ಭಕ್ತ, ನೋಡುವವರಿಗೆ ಟಿಕೆಟಿಲ್ಲ. ಕೆಲವು ಮೇಳಗಳ ಆಟಗಳಿಗೆ ಭಕ್ತರು ಹಲವು ವರ್ಷ ಮೊದಲೇ ಹೆಸರು ಬರೆಸಿರುವರು. ಸಾಲಿಗ್ರಾಮ, ಪೆರ್ಡೂರು ಮುಂತಾದ ಡೇರೆ ಮೇಳಗಳು ಟಿಕೆಟಿನಿಂದ ಬದುಕತಕ್ಕವು. ಪೇಟೆ ಬಿದ್ದ ವರ್ಷ ಡೇರೆ ಮೇಳಕ್ಕೆ ಮೊದಲ ಪೆಟ್ಟು ಬೀಳುವುದು. ಕಷ್ಟ ಬಂದಷ್ಟೂ ಹರಕೆ ಹೆಚ್ಚುವ ಕಾರಣ ಬಯಲಾಟದ ಮೇಳ ಅಷ್ಟಾಗಿ ಅಲುಗದು. ಆದರೆ 2020ರ ಮಾರ್ಚ್ ತಿಂಗಳ ದಿಗ್ಬಂಧನವು ಎರಡನ್ನೂ ಒಂದೇ ಏಟಿಗೆ ನಿಲ್ಲಿಸಿತು. ಮಳೆಗಾಲದವರೆಗೆ ನಡೆಯಬೇಕಾದ ತಿರುಗಾಟ ನಡುವೆಯೇ ಮುರಿಯಿತು. ಕಲಾವಿದರು ಗೆಜ್ಜೆ ಬಿಚ್ಚಿ ಮನೆಗೆ ಹೋದರು. ಅನಂತರದ ತಿಂಗಳುಗಳಲ್ಲಿ ಪ್ರೇಕ್ಷಕರಿಲ್ಲದ ಅಂಗಳಗಳಲ್ಲಿಯೂ ಸಭಾಭವನಗಳಲ್ಲಿಯೂ ಆಟ, ತಾಳಮದ್ದಳೆಗಳನ್ನು ನಡೆಸಿ ಯೂಟ್ಯೂಬಿನಲ್ಲಿಯೂ ಫೇಸ್‌ಬುಕ್ಕಿನಲ್ಲಿಯೂ ಬಿತ್ತರಿಸುವ ಪ್ರಯತ್ನಗಳು ಆರಂಭವಾದುವು. ದುಬೈಯಲ್ಲಿದ್ದವರೂ ಮುಂಬಯಿಯಲ್ಲಿದ್ದವರೂ ರಾತ್ರಿಯಿಡೀ ನೋಡಿದರು.

ನೋಡುವವರು ಹೆಚ್ಚಿದರು, ದರ? ಯೂಟ್ಯೂಬಿನಲ್ಲಿ ಜಾಹೀರಾತಿನ ಹಣದ ನೂರಕ್ಕೆ 55 ಪಾಲು ಚಿತ್ರವನ್ನು ಏರಿಸಿದವನಿಗೆ. ಅವನು ಈ ಪಾಲಿಗೆ ಅರ್ಹನಾಗಲು 2018ರಿಂದ ಒಂದು ಸಾವಿರ ಚಂದಾದಾರರೂ, ಹನ್ನೆರಡು ತಿಂಗಳಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆಯೂ ಇರಬೇಕೆಂದು ನಿಯಮವಾಯಿತು. ಇಲ್ಲಿ ಚಂದಾದಾರನೆಂದರೆ ಕಾಸು ಕೊಡದ ಚಂದಾದಾರ. ‘ವಸಂತ’ದ ಕಾಲದವರು ಈ ಪ್ರಯೋಗವನ್ನು ಕೇಳಿದ್ದರೆ ನಗುತ್ತಿದ್ದರೋ ಅಳುತ್ತಿದ್ದರೋ! ದಿಗ್ಬಂಧನದ ಮೂರು ತಿಂಗಳಲ್ಲಿ, ಎಂದರೆ 2020ರ ಏಪ್ರಿಲಿನಿಂದ ಜೂನಿನವರೆಗೆ, ಗೂಗಲ್ ಸಂಸ್ಥೆಯ ಜಾಹೀರಾತಿನ ವರಮಾನವು ಹಿಂದಿನ ವರ್ಷಕ್ಕಿಂತ ನೂರಕ್ಕೆ 8ರಷ್ಟು ಇಳಿಯಿತು. ಒಟ್ಟು ವರಮಾನವೇ ಹಿಂದಿನ ವರ್ಷಕ್ಕಿಂತ ಕಡಿಮೆಯಾದುದು ಆ ಸಂಸ್ಥೆಯ ಚರಿತ್ರೆಯಲ್ಲಿ ಅದೇ ಮೊದಲು. ಆದರೂ ಅದರ ಯೂಟ್ಯೂಬಿನ ಪಾಲು ನೂರಕ್ಕೆ 6ರಷ್ಟು ಏರಿತು. ಲೋಕವೆಲ್ಲ ಮನೆಯೊಳಗೆ ಕುಳಿತು ನೋಡಿದ ಆ ತಿಂಗಳುಗಳಲ್ಲಿ ನೋಟದ ಹೆಚ್ಚಳಕ್ಕೆ ಹೋಲಿಸಿದರೆ ಹಣದ ಈ ಹೆಚ್ಚಳ ಅಲ್ಪವೆಂದೇ ಹೇಳಬೇಕು. ಸಾವಿರ ನೋಟಕ್ಕೆ ದೊರೆಯುವ ದರ ಕುಗ್ಗಿತೆಂಬುದೇ ಇದರ ಅರ್ಥ. ಬಂಗಡೆಯೂ ರಾಶಿ, ಲಾರಿಯೂ ಇಲ್ಲ.

ಇನ್ನೊಂದು ತೊಡಕನ್ನು ಹೇಳದೆ ಬಿಡಲಾಗದು. ಈ ಹಣ ಸಲ್ಲುವುದು ಚಿತ್ರವನ್ನು ಏರಿಸಿದ ಖಾತೆಗೆ. ಭಾಗವತರಿಗೂ ಮದ್ದಳೆಯವರಿಗೂ ವೇಷಧಾರಿಗಳಿಗೂ ಅದರಲ್ಲಿ ಪಾಲುಂಟೋ ಇಲ್ಲವೋ ಎಂಬುದು ಖಾತೆಯ ಯಜಮಾನನ ಧರ್ಮಬುದ್ಧಿಗೆ ಬಿಟ್ಟುದು. ಡೇರೆಯ ಟಿಕೆಟಿನ ಹಣದಲ್ಲಿ ಕಲಾವಿದನ ಸಂಬಳವು ಮೊದಲ ಬಾಬತ್ತು. ಇಲ್ಲಿ ಅಂತಹ ಬಾಬತ್ತೇ ಇಲ್ಲ. ದರ ಇಳಿದಾಗ ಈ ಕೊರತೆ ಎದ್ದು ಕಾಣುವುದು, ಏಕೆಂದರೆ ಹಂಚುವಷ್ಟು ಹಣವೇ ಉಳಿಯದು.

ಅದೇ ವರ್ಷ ಅಚ್ಚಿನ ಪತ್ರಿಕೆಗಳ ಜಾಹೀರಾತಿನ ವರಮಾನ ಭಾರತದಲ್ಲಿ ಸುಮಾರು ನೂರಕ್ಕೆ 40ರಷ್ಟು ಬಿದ್ದಿತು. ಕರಾವಳಿಗೆ ಅದರ ಜೊತೆಗೆ ಇನ್ನೊಂದು ನಷ್ಟವೂ ಬಂದಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋಗಿತ್ತು. 2020ರ ಏಪ್ರಿಲ್ 1ರಂದು, ದಿಗ್ಬಂಧನದ ಎರಡನೆಯ ವಾರದಲ್ಲಿ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದುವು. ಇವುಗಳಲ್ಲಿ ವಿಜಯಾ ಬ್ಯಾಂಕು ಮಂಗಳೂರಿನಲ್ಲಿ ಸ್ಥಾಪಿತವಾದುದು 1931ರ ಅಕ್ಟೋಬರಿನಲ್ಲಿ, ಮಹಾಮುಗ್ಗಟ್ಟಿನ ನಟ್ಟನಡುವೆ, ರೈತರ ಕಷ್ಟವನ್ನು ಕಂಡವರಿಂದ. ಆರಂಭದ ದಿನಗಳಲ್ಲಿ ಜಾಹೀರಾತಿನ ಅಗತ್ಯವಿಲ್ಲದಿದ್ದ ಈ ಬ್ಯಾಂಕುಗಳು, ಮುಂದೆ ದೇಶದ ತುಂಬ ಬೆಳೆದ ಮೇಲೆ, ನಮ್ಮ ಸ್ಮರಣ ಸಂಚಿಕೆಗಳ ಹಿಂಬದಿಯ ರಕ್ಷಾಪತ್ರದ ಪರಿಚಿತ ಮುಖಗಳಾಗಿದ್ದುವು. ಊರಿನ ಶಾಖೆಯ ವ್ಯವಸ್ಥಾಪಕನು ಸಂಘದ ಕಾರ್ಯದರ್ಶಿಯ ಸಹಪಾಠಿಯಾಗಿರುತ್ತಿದ್ದ ಕಾಲವದು. ವಡೋದರೆಯಲ್ಲಿಯೋ ಮುಂಬಯಿಯಲ್ಲಿಯೋ ಇರುವ ಪ್ರಧಾನ ಕಚೇರಿಗೆ ಕೋಟದ ಸ್ಮರಣ ಸಂಚಿಕೆಯ ಒಂದು ಪುಟ ಯಾವ ಲೆಕ್ಕ? ಈ ದರ ಏಲಮ್ಮಿನಲ್ಲಿ ಇಳಿದುದಲ್ಲ; ಕೊಡುವ ಮನೆಯೇ ಇಲ್ಲವಾದುದು.

ಸಂಶೋಧಕರಿಗೆ ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸುವೆನು. ಅಂತರ್ಜಾಲದ ದರಕ್ಕೆ ಮುಗ್ಗಟ್ಟಿಲ್ಲದ ವರ್ಷದಲ್ಲಿಯೂ ಏರಿಳಿತವುಂಟು. ದೀಪಾವಳಿಯಿಂದ ಕ್ರಿಸ್‌ಮಸ್ಸಿನವರೆಗೆ ಅದು ಏರುವುದು, ಜನವರಿಯಲ್ಲಿ ಬೀಳುವುದು. 2009ರ ಜನವರಿಯ ಗಳಿಕೆಯನ್ನು 2008ರ ಡಿಸೆಂಬರಿಗೆ ಹೋಲಿಸಿ ಮುಗ್ಗಟ್ಟನ್ನು ಅಳೆದವನು ಋತುಧರ್ಮವನ್ನು ರೋಗವೆಂದು ಭ್ರಮಿಸಿದಂತಾಗುವುದು. ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸುವುದೇ ಸರಿಯಾದ ಕ್ರಮ. ಮುಂದೆ 2022ರ ಕಡೆಯ ಆರು ತಿಂಗಳಲ್ಲಿಯೂ 2023ರ ಮೊದಲ ಮೂರು ತಿಂಗಳಲ್ಲಿಯೂ ಯೂಟ್ಯೂಬಿನ ಜಾಹೀರಾತಿನ ವರಮಾನ ಈ ಕ್ರಮದಿಂದ ಅಳೆದಾಗಲೂ ಕುಗ್ಗಿದುದು ಕಾಣುವುದು; ಆದುದರಿಂದ ಅದನ್ನು ನಿಜವಾದ ಇಳಿತವೆಂದೇ ಎಣಿಸಬೇಕು.

ಹೀಗೆ ಹೋಲಿಸಬೇಕಾದರೆ ಲೆಕ್ಕಗಳು ಉಳಿದಿರಬೇಕಷ್ಟೆ. ಜಾಲತಾಣದವನಿಗೆ ತಿಂಗಳ ಕಡೆಯಲ್ಲಿ ಬರುವ ಗಳಿಕೆಯ ಪತ್ರಿಕೆಯನ್ನು ಅವನಲ್ಲದೆ ಬೇರೊಬ್ಬರು ನೋಡಲಾರರು. ಖಾತೆ ಮುಚ್ಚಿದರೆ ಅದೂ ಅಳಿಯುವುದು. ಕನ್ನಡದಲ್ಲಿ ತಾಣವನ್ನಾಗಲಿ ಯಕ್ಷಗಾನದ ವಾಹಿನಿಯನ್ನಾಗಲಿ ನಡೆಸಿದವರು ತಮ್ಮ ತಿಂಗಳ ಲೆಕ್ಕಗಳ ಪ್ರತಿಯನ್ನು, ಒಟ್ಟು ಹಣವನ್ನು ಮರೆಮಾಡಿ ಸಾವಿರ ನೋಟಕ್ಕೆ ಬಿದ್ದ ದರವನ್ನು ಮಾತ್ರ ಉಳಿಸಿಯಾದರೂ ಸರಿಯೆ, ಯಾವುದಾದರೊಂದು ಗ್ರಂಥಭಂಡಾರಕ್ಕೆ ಒಪ್ಪಿಸಿದರೆ ಈ ಲೇಖನದಲ್ಲಿ ಅಮೆರಿಕೆಯ ಸರಾಸರಿಗಳಿಂದ ಊಹಿಸಬೇಕಾಗಿ ಬಂದುದನ್ನು ಮುಂದಿನವರು ನೇರವಾಗಿ ಬರೆಯಬಲ್ಲರು. ‘ವಸಂತ’ದ ಕಾಲದ ಕರಾವಳಿಯ ಮಾಸಪತ್ರಿಕೆಗಳನ್ನು ರಟ್ಟು ಕಟ್ಟಿಸದೆ, ರಕ್ಷಾಪತ್ರಸಹಿತವಾಗಿ ಮನೆಯ ಅಟ್ಟದಲ್ಲಿ ಇಟ್ಟುಕೊಂಡವರು ಕೋಟ, ಸಾಲಿಗ್ರಾಮ, ಬಾರಕೂರು, ಕುಂದಾಪುರಗಳಲ್ಲಿ ಯಾರಾದರೂ ಇದ್ದರೆ, ಅವುಗಳ ಕಡೆಯ ಪುಟದ ನಕಲು ಸಿಕ್ಕಿದರೂ ಸಾಕು.